ಬುಟ್ಟಿಯ ಇನ್ನೊಂದು ಹಿಡಿ

ಲೋವಿಸೆ ಬರುತ್ತಾಳೆಂಬ ಕಾಗದ ಬಂದದ್ದು ಜೂನ್ ಮೊದಲ ವಾರ, ಮಧ್ಯಾಹ್ನದ ಊಟದ ಹೊತ್ತಿಗೆ. ಮೇಜಿನ ಮೇಲೆ ಮೊಳಕೆ ಕಿತ್ತು ಬೇಯಿಸಿದ ಹಳೇ ಆಲೂಗಡ್ಡೆ, ಉಪ್ಪುಮೀನು, ಕಪ್ಪು ರೊಟ್ಟಿ ಇದ್ದವು. ಅತ್ತೆ ಮಾದ್ಲಿಯ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಹಾಗಾಗಿ ಕಾಗದ ಓದುವ ಕೆಲಸ ಸೊಸೆ ಹೆಲ್ವೆಯದು. ಅವಳು ಮೀನಿನ ಕೈ ಒರೆಸಿಕೊಂಡು ಲಕೋಟೆ ಬಿಡಿಸಿದಳು.

"ಆಗಸ್ಟ್ ಹನ್ನೆರಡಕ್ಕೆ ಫಿನ್ಲೆಂಡಿನ ಹಡಗಲ್ಲಿ ತಾಲಿನ್‌ಗೆ ಬರ್ತಾರಂತೆ. ನಾಲ್ಕು ದಿನ ಇರ್ತಾರಂತೆ."

ಮಾದ್ಲಿ ಚಮಚ ಕೆಳಗಿಟ್ಟಳು. "ಇನ್ನೊಂದ್ಸಲ ಓದು."

ಹೆಲ್ವೆ ಓದಿದಳು. ಮಾದ್ಲಿ ಮೂರನೆಯ ಸಲ ಓದಿಸಿದಳು. ಅಷ್ಟರಲ್ಲಿ ಆಲೂಗಡ್ಡೆ ತಣ್ಣಗಾಗಿತ್ತು.

"ಇಲ್ಲಿಗೆ ಬರಕ್ಕಾಗಲ್ವಾ ಚಿಕ್ಕಜ್ಜಿಗೆ?" ಎಂದಳು ಮೊಮ್ಮಗಳು ತ್ರೀನು. ಹದಿನಾರು ವರ್ಷ. ಎಂಟನೇ ತರಗತಿಗೇ ಶಾಲೆ ಬಿಟ್ಟು ಹಾಲಿನ ಡೈರಿಯಲ್ಲಿ ಕ್ಯಾನು ತೊಳೆಯುತ್ತಿದ್ದಳು.

"ಇಲ್ಲಿಗಾ?" ಊಲೋ ನಕ್ಕ. ಅವನು ಮಾದ್ಲಿಯ ಒಬ್ಬನೇ ಮಗ, ಸಾಮೂಹಿಕ ಬೇಸಾಯದ ಟ್ರ್ಯಾಕ್ಟರ್ ಓಡಿಸುವವನು. "ರಾಜಧಾನಿ ತಾಲಿನ್‌ನವರೇ ಈ ದ್ವೀಪಕ್ಕೆ ಕಾಲಿಡ್ಬೇಕಂದ್ರೆ ಗಡಿಕಾವಲಿನವರ ಚೀಟಿ ಬೇಕು. ಸ್ವೀಡನ್‌ನಿಂದ ಬಂದೋರನ್ನ ಪಟ್ಟಣದ ಗಡಿ ದಾಟಕ್ಕೆ ಬಿಡ್ತಾರಾ? ನಾವೇ ಹೋಗ್ಬೇಕು."

"ನಾನು ಹೋಗ್ತೀನಿ. ಚಿತ್ರ ತಗೊಂಡು ಹೋಗಿ ಅವಳಿಗೆ ಕೊಡ್ತೀನಿ," ಎಂದಳು ಮಾದ್ಲಿ.

ಎಲ್ಲರೂ ಗೋಡೆಯ ಕಡೆ ನೋಡಿದರು.

ಆ ನೀರುಬಣ್ಣದ ಚಿತ್ರ ರೊಟ್ಟಿ ಕೊಯ್ಯುವ ಮಣೆಗಿಂತ ದೊಡ್ಡದಲ್ಲ. ಮೂವತ್ತಮೂರು ವರ್ಷದ ಹಿಂದೆ ಒಂದು ಬೇಸಿಗೆ ಪೂರ್ತಿ ಇವರ ಕಣಜದ ಕೋಣೆಯಲ್ಲಿ ಮಲಗಿ, ಇವರ ಮನೆಯ ಗಂಜಿ ಕುಡಿದುಕೊಂಡಿದ್ದ ಆರ್ತುರ್ ಕೂಸ್ಮಾ ಎಂಬ ಕಲಾವಿದ ಅದನ್ನು ಬರೆದು ಕೊಟ್ಟು ಹೋಗಿದ್ದ. ಅವನ ನಿಜವಾದ ಕಸುಬು ಮರದ ಹಲಗೆ ಕೊರೆದು ಅಚ್ಚೊತ್ತುವುದು. ಬಣ್ಣ ಹಿಡಿಯುತ್ತಿದ್ದದ್ದು ಬೇಸಿಗೆಯಲ್ಲಿ ಮಾತ್ರ. ಬಾವಿಗೆ ಹೋಗಲು ಸೋಮಾರಿತನವಾಗಿ ದಡದಲ್ಲೇ ಕೂತು ಸಮುದ್ರದ ನೀರಿಗೇ ಕುಂಚ ಅದ್ದುತ್ತಿದ್ದನಂತೆ. ಉಪ್ಪು ಒಣಗಿದ ಕಡೆ ಬಣ್ಣ ಸರಿದು ಆಕಾಶದ ತುಂಬ, ನೆಲದ ಮೇಲೂ ಬಿಳಿ ಬಿಳಿ ಚುಕ್ಕೆ. ಆಕಾಶದ ಕೆಳಗೆ ಆಪುಹುಲ್ಲು ಹೊದಿಸಿದ ಇದೇ ಮನೆ, ಒಣಕಲ್ಲಿನ ಬೇಲಿ, ದಡದಲ್ಲಿ ಮೂರು ದೋಣಿ, ಮೀನಿನ ಬುಟ್ಟಿಯನ್ನು ಆಚೆಗೊಂದು ಈಚೆಗೊಂದು ಹಿಡಿ ಹಿಡಿದು ಹತ್ತಿ ಬರುತ್ತಿರುವ ಇಬ್ಬರು ಹೆಂಗಸರು. ಎಡಗಡೆ ಮಾದ್ಲಿ, ಬಲಗಡೆ ತಂಗಿ ಲೋವಿಸೆ. ಮುಖವೆಲ್ಲ ಬರೆದಿರಲಿಲ್ಲ, ಬೆರಳುಗುರಿನಷ್ಟೇ ಆಕೃತಿಗಳು. ಆದರೂ ಲೋವಿಸೆಯದೆಂದು ಆ ಮನೆಯಲ್ಲಿ ಉಳಿದಿದ್ದ ರೂಪ ಅದೊಂದೇ. ಅವಳು ನಲವತ್ತನಾಲ್ಕರ ಶರತ್ಕಾಲದಲ್ಲಿ, ಯುದ್ಧಕ್ಕೆ ಹೆದರಿ ಸ್ವೀಡನ್‌ಗೆ ಓಡುವವರ ದೋಣಿ ಹತ್ತಿದ ಮೇಲೆ, ಓಡಿಹೋದವಳ ಅಕ್ಕ ಎಂದು ಹಿಡಿದಾರೆಂಬ ಹೆದರಿಕೆಗೆ ಫೋಟೋಗಳನ್ನೆಲ್ಲ ಮಾದ್ಲಿ ಒಲೆಗೆ ಹಾಕಿದ್ದಳು. ಯುದ್ಧಕ್ಕೆ ಎಳೆದೊಯ್ದ ಗಂಡ ಬಂದಾನೆಂದು ಅವಳು ಮಗನನ್ನು ಕಟ್ಟಿಕೊಂಡು ಇಲ್ಲೇ ಉಳಿದಳು. ಗಂಡ ಬರಲಿಲ್ಲ.

"ಹಡಗಿನ ತಪಾಸಣೇಲಿ ಕಿತ್ಕೋತಾರಮ್ಮ," ಎಂದ ಊಲೋ. "ಹಳೇ ಚಿತ್ರ ಹೊರಗೆ ಕಳ್ಸಕ್ಕೆ ಸರ್ಕಾರದ ಕಾಗದ ಬೇಕು."

"ಕಿತ್ಕೊಳ್ಳೋದಕ್ಕೆ ಮುಂಚೆ ಅವಳು ನೋಡಿರ್ತಾಳಲ್ಲ. ಅಷ್ಟು ಸಾಕು."

ಹೆಲ್ವೆ ತಟ್ಟೆಗಳನ್ನು ಎತ್ತಿದಳು. ಅವಳು ಈ ಮನೆಗೆ ಬಂದು ಹದಿನೇಳು ವರ್ಷ. ಮಲಗುವುದು ಲೋವಿಸೆಯ ಮಂಚದಲ್ಲಿ, ಹಾಲು ಕರೆಯಲು ಕೂರುವುದು ಲೋವಿಸೆಯ ಮೂರುಕಾಲಿನ ಮಣೆಯಲ್ಲಿ. ರೊಟ್ಟಿ ದಪ್ಪ ಕೊಯ್ದರೆ "ಲೋವಿಸೆ ಆದ್ರೆ ಎಲೆ ಥರ ಕೊಯ್ತಿದ್ಲು" ಎಂಬ ಮಾತು. ಸ್ವೀಡನ್‌ನಿಂದ ಲೋವಿಸೆ ಕಳಿಸಿದ ಕೋಟನ್ನು ತೊಟ್ಟರೂ ಮಾದ್ಲಿ ದೂರದಿಂದ ನೋಡಿ, "ಒಂದು ಕ್ಷಣ ಅವಳೇ ಅನ್ಕೊಂಡೆ" ಎಂದು ಮುಖ ಇಳಿಬಿಡುತ್ತಿದ್ದಳು. ಕಾಣದ ಹೆಂಗಸಿನ ಜೊತೆ ಜಗಳವಾಡುವುದು ಹೇಗೆ? ಹೆಲ್ವೆ ಆಡಿರಲಿಲ್ಲ.

ಆ ರಾತ್ರಿಯೇ, ಬೇಸಿಗೆ ಬಂದಿದ್ದರೂ, ಹೊರಗೆ ಇಬ್ಬನಿ ಹೆಪ್ಪುಗಟ್ಟಿತು. ಅದಕ್ಕೆ ಎರಡು ದಿನ ಮೊದಲು ಕರುವೊಂದು ಟೊಮೇಟೊ ಸಸಿಗಳ ಮಡಿಗೆ ಹೊದಿಸಿದ್ದ ಗಾಜಿನ ಮೇಲೆ ಕಾಲಿಟ್ಟು ಒಂದು ಚೌಕ ಪುಡಿಯಾಗಿತ್ತು. ಅಂಗಡಿಗೆ ಗಾಜು ಬರದೆ ನಾಲ್ಕು ತಿಂಗಳಾಗಿತ್ತು. ತೂತಿನ ಪಕ್ಕದ ಆರು ಸಸಿ ಕಪ್ಪಾದದ್ದನ್ನು ಬೆಳಿಗ್ಗೆ ಕಂಡ ಹೆಲ್ವೆ ಯಾರನ್ನೂ ಕೇಳದೆ ಚಿತ್ರದ ಚೌಕಟ್ಟಿನಿಂದ ಗಾಜು ಬಿಚ್ಚಿ ಮಡಿಗೆ ಮುಚ್ಚಿದಳು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಗಾಜು ಬಂದ ದಿನ ಮತ್ತೆ ಹಾಕಿದರಾಯಿತು, ಮುದುಕಿಯ ಕಣ್ಣಿಗೆ ಗಾಜಿದ್ದರೇನು, ಇಲ್ಲದಿದ್ದರೇನು ಎಂದುಕೊಂಡಳು.

ಜೂನ್ ಇಪ್ಪತ್ತಮೂರಕ್ಕೆ ಯಾನ್ ಹಬ್ಬ, ನಡುಬೇಸಿಗೆಯ ರಾತ್ರಿ ಬಯಲಲ್ಲಿ ಬೆಂಕಿ ಹಾಕಿ ಹಾಡುವ ಹಬ್ಬ. ಆ ದಿನ ಕಾಡಿನಿಂದ ಎಳೆಯ ಬರ್ಚ್ ಗಿಡ ಕಡಿದು ತಂದು ಮನೆಯೊಳಗೆ ನಿಲ್ಲಿಸಲೇಬೇಕು. ಎಲೆಯಿಲ್ಲದ ಮನೆ ಸೂತಕದ ಮನೆಯಂತೆ. ಬೆಳಗಿನಿಂದ ತುಂತುರು ಬೀಳುತ್ತಿತ್ತು. ಹೆಲ್ವೆ ಕೊಟ್ಟಿಗೆ ಕೆಲಸ ಮುಗಿಸಿ, ಬಿಯರ್ ಸೋಸಿ, ಚೀಸ್ ಕಟ್ಟಿ, ನೆನೆದ ಗಿಡಗಳನ್ನು ಹೊತ್ತು ತಂದು ಚಿತ್ರವಿದ್ದ ಗೋಡೆಯ ಎರಡು ಪಕ್ಕಕ್ಕೆ ಬಕೆಟ್‌ನಲ್ಲಿ ನಿಲ್ಲಿಸಿದಳು. ಮನೆ ಘಮಘಮ ಎಂದಿತು. ಎಲ್ಲರೂ ಬೆಂಕಿಯ ಹತ್ತಿರ ಹಾಡಲು ಹೋದರು.

ಬೆಳಿಗ್ಗೆ ಗುಡಿಸಲು ಬಂದಾಗ ಅವಳಿಗೆ ಕಂಡದ್ದು ಇದು: ಒಂದು ಕೊಂಬೆ ಚೌಕಟ್ಟಿನ ಬಲ ಮೂಲೆಗೆ ಒರಗಿದೆ. ಎಲೆಯಿಂದ ಇಳಿದ ನೀರು ಬಲಗಡೆಯ ಹೆಂಗಸಿನ ಮೇಲೆ ಹರಿದಿದೆ. ಗಾಬರಿಯಲ್ಲಿ ಅವಳು ಸೊಂಟಕ್ಕೆ ಕಟ್ಟಿದ್ದ ಬಟ್ಟೆಯಿಂದ ಒತ್ತಿದಳು. ಕೈ ತೆಗೆದಾಗ ಲೋವಿಸೆ ಬಟ್ಟೆಗೆ ಬಂದಿದ್ದಳು. ಕಾಗದದಲ್ಲಿ ಬೂದು ಕಲೆ. ಎಡಗಡೆ ಮಾದ್ಲಿ ಒಬ್ಬಳೇ ನಿಂತಿದ್ದಳು. ಬುಟ್ಟಿಯ ಇನ್ನೊಂದು ಹಿಡಿಯನ್ನು ಗಾಳಿ ಹಿಡಿದಿತ್ತು.

"ಚಿತ್ರ ಎಲ್ಲಿ?" ಮಾದ್ಲಿ ಮಧ್ಯಾಹ್ನವೇ ಕೇಳಿದಳು.

"ಗಾಜು ಒಡೀತು ಅತ್ತೆ. ಧೂಳು ಕೂರುತ್ತೆ ಅಂತ ಬೀರುವಿನಲ್ಲಿ ಇಟ್ಟಿದೀನಿ."

"ಹೇಗೆ ಒಡೀತು?"

"ಗಿಡ ತಾಗಿ."

ಪೂರ್ತಿ ಸುಳ್ಳೇನಲ್ಲ ಎಂದು ಹೆಲ್ವೆ ಸಮಾಧಾನ ಮಾಡಿಕೊಂಡಳು. ಆದರೆ ಅಂದಿನಿಂದ ಮಾದ್ಲಿ ದಿನಕ್ಕೊಂದು ಸಲ ಬೀರುವಿನ ಬಾಗಿಲು ತಡವಿ, "ಅಲ್ಲೇ ಇದೆಯಲ್ಲ?" ಎನ್ನುತ್ತಿದ್ದಳು. "ಇದೆ ಅತ್ತೆ" ಎಂದು ಹೆಲ್ವೆ ಪಾತ್ರೆ ತೊಳೆಯಲು ತಿರುಗುತ್ತಿದ್ದಳು.

ಕಂಡುಹಿಡಿದವಳು ತ್ರೀನು. ಜುಲೈಯಲ್ಲಿ ಹುಲ್ಲು ಒಣಹಾಕುವ ದಿನ, ತಾಯಿ ಮಗಳು ಇಬ್ಬರೇ ಇದ್ದಾಗ, ಅವಳು ಚೌಕಟ್ಟನ್ನು ಕೈಯಲ್ಲಿ ಹಿಡಿದು ಬಂದಳು.

"ಒರೆಸ್ಬಿಟ್ಯಾ ಅಮ್ಮ?"

"ಒರೆಸ್ಲಿಲ್ಲ. ನೀರು ಬಿತ್ತು."

"ಬಟ್ಟೆ ಗುರುತು ಇದೆ."

ಹೆಲ್ವೆ ಹುಲ್ಲಿನ ಮೇಲೆ ಕೂತಳು. "ಹೂಂ, ಒರೆಸ್ದೆ. ನಿಮ್ಮಜ್ಜಿ ಕೇಳಿದ್ರೆ ಬೇಕು ಅಂತ ಒರೆಸಿದ್ಲು ಅಂತಾಳೆ. ಹದಿನೇಳು ವರ್ಷದ ಸೇಡು ಅಂತಾಳೆ."

"ಸೇಡಾ?"

"ಅಲ್ಲ ಕಣೇ. ಆದ್ರೆ ನಂಬ್ಸೋದು ಹೇಗೆ?" ಚೌಕಟ್ಟನ್ನು ಕೈಗೆ ತೆಗೆದುಕೊಂಡು ಕೇಳಿದಳು, "ನೀನು ಊರಿನ ಕ್ಲಬ್ಬಿನ ಗೋಡೆಗೆಲ್ಲ ಚಿತ್ರ ಬರೀತೀಯಲ್ಲ. ಅವಳನ್ನ ಮತ್ತೆ ಬರೆಯಕ್ಕಾಗುತ್ತಾ?"

"ಯಾರನ್ನ ನೋಡಿ ಬರೀಲಿ? ಚಿಕ್ಕಜ್ಜಿ ಹೇಗೆ ನಡೀತಿದ್ರು ಅಂತ ನಂಗೇನು ಗೊತ್ತು?" ತ್ರೀನು ತಾಯಿಯನ್ನು ಮೇಲಿಂದ ಕೆಳಗೆ ನೋಡಿದಳು. "ನೀನೇ ನಿಂತ್ಕೋ."

"ನಾನಾ? ನಾನು ಅವಳ ಥರ ಇದೀನಾ?"

"ಇಷ್ಟು ಚಿಕ್ಕದಕ್ಕೆ ಯಾರಾದ್ರೇನು. ಬೆನ್ನು ಬಾಗಿದ್ರೆ ಸಾಕು."

ಮೀನಿನ ಹಳೇ ಬುಟ್ಟಿಗೆ ತ್ರೀನು ಕಲ್ಲು ತುಂಬಿದಳು. ಒಂದು ಹಿಡಿಯನ್ನು ಕೊಟ್ಟಿಗೆ ಬಾಗಿಲ ಗೂಟಕ್ಕೆ ಸಿಕ್ಕಿಸಿ ಇನ್ನೊಂದನ್ನು ತಾಯಿಗೆ ಕೊಟ್ಟಳು.

"ಕಲ್ಲು ಯಾಕೆ? ಹುಲ್ಲು ತುಂಬು."

"ಭಾರ ಇಲ್ದಿದ್ರೆ ನಾಟಕ ಮಾಡ್ತೀಯ. ಅಲ್ಲಾಡ್ಬೇಡ."

"ನಿಮ್ಮಪ್ಪ ನೋಡಿದ್ರೆ ಹುಚ್ಚು ಹಿಡೀತು ಅಂತಾರೆ."

"ಮಾತಾಡಿದ್ರೂ ಅಲ್ಲಾಡ್ತೀಯ."

ಮೂರು ದಿನ, ಹಾಲು ಕರೆದು ಬಂದ ಮೇಲೆ ಅರ್ಧರ್ಧ ಗಂಟೆ ಹೆಲ್ವೆ ಕಲ್ಲಿನ ಬುಟ್ಟಿ ಹಿಡಿದು ನಿಂತಳು. ಯಾರೂ ಅವಳನ್ನು ಅಷ್ಟು ಹೊತ್ತು ನೋಡಿರಲಿಲ್ಲ. ನಾಚಿಕೆಯೂ ಆಯಿತು. ಮಗಳು ಕಣ್ಣು ಕಿರಿದು ಮಾಡಿ, ಮತ್ತೆ ಮತ್ತೆ ನೋಡಿ, ಶಾಲೆಯ ಬಣ್ಣದ ಡಬ್ಬಿಯಿಂದ ಒಂದೊಂದೇ ಚುಕ್ಕೆ ಇಟ್ಟಳು. ಬೂದು ಕಲೆಯೊಳಗಿಂದ ನಿಧಾನವಾಗಿ ಒಬ್ಬ ಹೆಂಗಸು ಎದ್ದು ಬಂದು ಹಿಡಿಗೆ ಕೈ ಹಾಕಿದಳು.

"ಆಯ್ತಾ?"

"ಇಲ್ಲ. ಉಪ್ಪಿನ ಚುಕ್ಕೆ ಇಲ್ಲ ನೋಡು. ಇದೊಂದು ತುಂಡು ಬೋಳಾಗಿದೆ. ಸಮುದ್ರದ ನೀರು ಬೇಕು."

ಇಬ್ಬರೂ ಕಲ್ಲಿನ ಬೇಲಿಯಾಚೆ ನೋಡಿದರು. ಸಮುದ್ರ ಅರ್ಧ ಕಿಲೋಮೀಟರು ದೂರವೂ ಇರಲಿಲ್ಲ. ರಾತ್ರಿ ಕಿಟಕಿ ತೆರೆದರೆ ಅದರ ಉಸಿರು ಕೇಳುತ್ತಿತ್ತು. ಆದರೆ ಯಾರೂ ಸಮುದ್ರ ದಾಟಿ ಓಡಿಹೋಗದಂತೆ ನಡುವೆ ಮುಳ್ಳುತಂತಿ. ಆಚೆಯ ಮರಳನ್ನು ಗಡಿಕಾವಲಿನ ಸಿಪಾಯಿಗಳು ಪ್ರತಿ ಸಂಜೆ ಕುಂಟೆ ಎಳೆದು ಸಮ ಮಾಡುತ್ತಿದ್ದರು. ಬೆಳಿಗ್ಗೆ ಅದರ ಮೇಲೆ ಹೆಜ್ಜೆ ಮೂಡಿದ್ದರೆ ಊರೆಲ್ಲ ವಿಚಾರಣೆ. ಒಂದು ಲೋಟ ನೀರು ತರುವ ಹಾಗಿರಲಿಲ್ಲ.

"ಉಪ್ಪುಮೀನಿನ ಪೀಪಾಯಿ ಇದೆಯಲ್ಲ, ಅದರ ನೀರು?" ಎಂದಳು ಹೆಲ್ವೆ.

ತ್ರೀನು ಸಂಶಯದಿಂದಲೇ ಕುಂಚ ಅದ್ದಿದಳು. ಒಣಗಿದಾಗ ಚುಕ್ಕೆಗಳು ಮೂಡಿದವು, ಕೂಸ್ಮಾ ಬರೆದವುಗಳಿಗಿಂತ ದಪ್ಪವಾಗಿಯೇ. ತಾಯಿ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ತಿಂಗಳ ಕೊನೆಗೆ ಅಂಗಡಿಗೆ ಗಾಜು ಬಂತು. ಊಲೋ ಕೊಯ್ಯಿಸಿಕೊಂಡು ಬಂದು ಚೌಕಟ್ಟಿಗೆ ಕೂರಿಸಿ, ಮೂಗು ಅರಳಿಸಿದ.

"ಮೀನು ವಾಸನೆ ಬರ್ತಿದೆ."

"ಮೀನಿನ ಚಿತ್ರ ತಾನೆ," ಎಂದಳು ತ್ರೀನು.

"ಅಡುಗೆಮನೇಲಿ ಇಟ್ಟಿದ್ದೆ," ಎಂದಳು ಹೆಲ್ವೆ. ಅವನು ಭುಜ ಹಾರಿಸಿ ಮೊಳೆ ಹೊಡೆದ. ಮಾದ್ಲಿ ಚಿತ್ರವನ್ನು ಕಿಟಕಿಯ ಹತ್ತಿರ ಒಯ್ದು ಮುಖಕ್ಕೆ ತಾಗುವಷ್ಟು ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ಕೂತಳು. ಹೆಲ್ವೆ ಒಲೆಗೆ ಸೌದೆ ಹಾಕುತ್ತಲೇ ಇದ್ದಳು. ಕೊನೆಗೆ ಮಾದ್ಲಿ ಅಂದಿದ್ದು ಇಷ್ಟೇ: "ಹೆಲ್ವೆ, ತಾಲಿನ್‌ಗೆ ನೀನು ನನ್ಜೊತೆ ಬಾ."

"ಅವಳ್ಯಾಕೆ? ನಾನು ಬರ್ತೀನಿ. ನನ್ನ ಚಿಕ್ಕಮ್ಮ," ಎಂದ ಊಲೋ.

"ನಿನ್ನ ಕೊಯ್ಲು ಯಾರು ಮಾಡ್ತಾರೆ? ರಜ ಕೊಡ್ತಾರಾ? ಇವಳು ಬರ್ಲಿ."

ಬಸ್ಸು, ದೋಣಿ, ಮತ್ತೆ ಬಸ್ಸು. ಚಿತ್ರವನ್ನು ಟವಲಿನಲ್ಲಿ ಸುತ್ತಿ ಮಾದ್ಲಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಹೆಲ್ವೆಯ ಚೀಲದಲ್ಲಿ ಎರಡು ರೊಟ್ಟಿ, ಬೆಣ್ಣೆ, ಹೊಗೆ ಹಾಕಿದ ಮೀನು, ಸಬ್ಬಸಿಗೆ ಹಾಕಿ ಹುಳಿ ಬರಿಸಿದ ಸೌತೆಕಾಯಿ. ದಾರಿಯುದ್ದಕ್ಕೂ ಅವಳು ಒಂದೇ ಮಾತನ್ನು ಬಾಯಲ್ಲಿ ಹೊರಳಿಸುತ್ತಿದ್ದಳು. ಹೇಳಿಬಿಡಬೇಕು. ದೋಣಿಯಲ್ಲಿ ಹೇಳೋಣ, ಬಸ್ಸಿನಲ್ಲಿ ಹೇಳೋಣ ಎಂದುಕೊಳ್ಳುವಷ್ಟರಲ್ಲಿ ತಾಲಿನ್ ಬಂದಿತ್ತು.

ವಿದೇಶಿಯರ ಹೋಟೆಲಿನ ಬಾಗಿಲವನು ಇವರನ್ನು ಒಳಗೆ ಬಿಡಲಿಲ್ಲ. ಪಕ್ಕದ ಉದ್ಯಾನದಲ್ಲಿ ಬೆಂಚಿನ ಮೇಲೆ ಕಾದರು. ತಿಳಿ ಬಣ್ಣದ ಕೋಟು ತೊಟ್ಟ, ಕೂದಲು ಕತ್ತರಿಸಿಕೊಂಡ ಒಬ್ಬ ಹೆಂಗಸು ಹೋಟೆಲಿನಿಂದ ಇಳಿದು ಬಂದಳು. ಹತ್ತು ಹೆಜ್ಜೆ ದೂರದಲ್ಲಿ ನಿಂತಳು.

"ಮಾದ್ಲಿ," ಎಂದಳು.

"ದನಿ ಅದೇ ಇದೆ," ಎಂದಳು ಮಾದ್ಲಿ. ದನಿ ಬಂದ ಕಡೆಗೆ ಎರಡೂ ಕೈ ಚಾಚಿದಳು. ಲೋವಿಸೆಯೇ ಬಂದು ಅವಳ ಮಂಡಿಯ ಹತ್ತಿರ ಕೂತಳು. ಇಬ್ಬರೂ ಒಬ್ಬರ ಕೈ ಒಬ್ಬರು ಸವರುತ್ತಿದ್ದರು, ಬಟ್ಟೆ ಕೊಳ್ಳುವವರು ನೇಯ್ಗೆ ನೋಡುವ ಹಾಗೆ. ಹೆಲ್ವೆ ಬೇರೆ ಕಡೆ ನೋಡಿದಳು.

"ಮೊದ್ಲು ರೊಟ್ಟಿ ಕೊಡು," ಎಂದಳು ಲೋವಿಸೆ. ಹೆಲ್ವೆ ಕೊಯ್ದು ಕೊಟ್ಟಳು. ದಪ್ಪವಾಯಿತೆಂದು ಗೊತ್ತಾಯಿತು. ಲೋವಿಸೆ ಕಣ್ಣು ಮುಚ್ಚಿ ಅಗಿದಳು. ಅವಳ ಮಾತಿನಲ್ಲಿ ಪಟ್ಟಣದ ಸೋಂಕೇ ಇರಲಿಲ್ಲ. ಹೆಲ್ವೆ ಮಾದ್ಲಿಯ ಬಾಯಲ್ಲಿ ಮಾತ್ರ ಕೇಳಿದ್ದ, ಊರಿನ ಎಳೆಯರು ಮರೆತ ಮಾತುಗಳು ಅವಳ ಬಾಯಲ್ಲಿ ಹೊಸದಾಗಿದ್ದವು. ಇಪ್ಪತ್ತೈದು ವರ್ಷ ಉಪ್ಪಿನಲ್ಲಿ ಇಟ್ಟ ಹಾಗೆ.

ಆಮೇಲೆ ಮಾದ್ಲಿ ಟವಲು ಬಿಚ್ಚಿದಳು.

ಲೋವಿಸೆ ಚಿತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬೆರಳಿನಿಂದ ಗಾಜಿನ ಮೇಲೆ ಮನೆ ಸವರಿದಳು, ಬೇಲಿ ಸವರಿದಳು, ದೋಣಿಗಳನ್ನು ಎಣಿಸಿದಳು. ಬೆರಳು ಇಬ್ಬರು ಹೆಂಗಸರ ಮೇಲೆ ಬಂದು ನಿಂತಿತು.

"ಇದು ನಾನಲ್ಲ," ಎಂದಳು.

ಹೆಲ್ವೆಯ ಕೈಯ ಚಾಕು ಬೆಣ್ಣೆಯಲ್ಲೇ ಉಳಿಯಿತು.

"ನನ್ನ ಭುಜ ಹೀಗೆ ಒಂದು ಕಡೆ ಇಳೀತಿರ್ಲಿಲ್ಲ. ಕೂಸ್ಮಾ ನನ್ನ ಉದ್ದ ಬರ್ದಿದ್ದ. ಅಷ್ಟುದ್ದ ಇಲ್ಲ ನಾನು ಅಂತ ಜಗಳ ಆಡಿದ್ದೆ. ಇದ್ಯಾರು?"

"ಅತ್ತೆ, ತಪ್ಪಾಯ್ತು. ಯಾನ್ ಹಬ್ಬದ ದಿನ..." ಹೆಲ್ವೆ ಶುರು ಮಾಡಿದಳು.

"ಗಾಜು ತೆಗೆದು ಟೊಮೇಟೊಗೆ ಮುಚ್ಚಿದ್ಲು, ಗಿಡದ ನೀರು ಸುರೀತು," ಎಂದಳು ಮಾದ್ಲಿ, ಮಳೆ ಬಂತು ಎನ್ನುವ ಹಾಗೆ. "ಕಣ್ಣು ಹೋಗಿದೆ, ಮೂಗು ಹೋಗಿಲ್ಲ, ಮಡಿ ಗಾಜು ತಡವಿ ನೋಡೋ ಕೈಯೂ ಹೋಗಿಲ್ಲ. ಅಂಗಳದಲ್ಲಿ ಮೂರು ದಿನ ಕಲ್ಲು ಹೊತ್ಕೊಂಡು ನಿಂತೋಳು ಯಾರು ಅಂತ ನೆರಳು ನೋಡಿದ್ರೆ ಗೊತ್ತಾಗಲ್ವಾ? ಲೋವಿಸೆ, ಅದು ನಮ್ಮ ಹೆಲ್ವೆ."

"ಬೈಲಿಲ್ಲ ನೀವು," ಎಂದಳು ಹೆಲ್ವೆ.

"ಬೈಬೇಕು ಅಂತ್ಲೇ ಕಿಟಕಿ ಹತ್ರ ತಗೊಂಡು ಹೋದೆ. ನೋಡ್ದೆ. ನಿನ್ನ ಭುಜ. ದಿನಾ ಎರಡು ಬಕೆಟ್ ಹೊತ್ತು ಇಳಿದಿರೋದು. ಬೈಯಕ್ಕೆ ಬಾಯಿ ಬರ್ಲಿಲ್ಲ. ಹದಿನೇಳು ವರ್ಷದಿಂದ ಆ ಕಡೆ ಹಿಡಿ ಹಿಡ್ಕೊಂಡಿರೋಳು ನೀನೇ."

ಹೆಲ್ವೆ ರೊಟ್ಟಿಯ ತುಂಡನ್ನು ಎತ್ತಿದಳು, ಇಟ್ಟಳು. ಲೋವಿಸೆ ಅವಳನ್ನು ಮೊದಲ ಸಲ ಪೂರ್ತಿಯಾಗಿ ನೋಡಿದಳು.

"ಇಲ್ಲಿ ಕೂತ್ಕೋ," ಎಂದು ಬೆಂಚಿನಲ್ಲಿ ಸರಿದು ಜಾಗ ಮಾಡಿದಳು. "ಈ ಚೌಕಟ್ಟಿನ ಎಡಕ್ಕೆ, ಇಲ್ಲಿ, ಬಾವಿ ಇತ್ತು. ಇದೆಯಾ?"

"ಇದೆ ಚಿಕ್ಕಮ್ಮ. ರಾಟೆ ಹೊಸದು. ನೀರು ಅದೇ."

"ಬಾವಿ ಪಕ್ಕ ಸೇಬಿನ ಮರ?"

"ಚಳೀಲಿ ಸತ್ತು ಹೋಯ್ತು. ಬುಡದಿಂದ ಹೊಸ ಚಿಗುರು ಬಂದಿದೆ. ಹುಳಿ ಕಾಯಿ ಬಿಡುತ್ತೆ, ಹಂದಿಗೆ ಹಾಕ್ತೀವಿ."

"ಮನೆ ಹಿಂದೆ ಗೋಡೇಲಿ ಒಂದು ಕಲ್ಲು ಸಡಿಲ ಇತ್ತು."

"ಈಗಲೂ ಸಡಿಲವೇ. ಕೋಳಿ ಅಲ್ಲಿ ಮೊಟ್ಟೆ ಇಡುತ್ತೆ."

ಹೆಲ್ವೆ ಹೀಗೆ ಒಂದೇ ಸಮನೆ ಯಾವತ್ತೂ ಮಾತಾಡಿರಲಿಲ್ಲ. ಲೋವಿಸೆ ಮೂಲೆಮೂಲೆ ಕೇಳುತ್ತಿದ್ದಳು, ಅವಳು ಮೂಲೆಮೂಲೆ ಹೇಳುತ್ತಿದ್ದಳು. ಯಾವ ಮೆಟ್ಟಿಲು ಕಿರುಗುಟ್ಟುತ್ತದೆ, ಬೆಳಿಗ್ಗೆ ಬಿಸಿಲು ಮೊದಲು ಯಾವ ಕಿಟಕಿಗೆ ಬರುತ್ತದೆ, ಚಳಿಗಾಲದಲ್ಲಿ ಆ ಮಂಚದ ಯಾವ ಪಕ್ಕ ಬೆಚ್ಚಗಿರುತ್ತದೆ. ಗೋಡೆಯ ಪಕ್ಕ ಎಂದು ಇಬ್ಬರೂ ಒಟ್ಟಿಗೆ ಹೇಳಿ ನಕ್ಕರು. ಮಾದ್ಲಿ ನಡುವೆ ಕೂತು ಒಮ್ಮೆ ಆ ದನಿಯ ಕಡೆಗೆ, ಒಮ್ಮೆ ಈ ದನಿಯ ಕಡೆಗೆ ತಲೆ ತಿರುಗಿಸುತ್ತಿದ್ದಳು.

"ಮತ್ತೆ ನೀರು?" ಎಂದಳು ಲೋವಿಸೆ. "ಕಾಲಿಟ್ರೆ ಮೊದಲು ಕಲ್ಲು, ಆಮೇಲೆ ಮೂವತ್ತು ಹೆಜ್ಜೆ ಮರಳು. ಈಗಲೂ ಹಾಗೇನಾ?"

ಹೆಲ್ವೆ ಚಾಕು ಒರೆಸಿ ಕೆಳಗಿಟ್ಟಳು. ಮತ್ತೆ ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

"ನಂಗೆ ಗೊತ್ತಿಲ್ಲ ಚಿಕ್ಕಮ್ಮ. ನಮ್ಮನ್ನ ಬಿಡಲ್ಲ. ಮದುವೆಯಾಗಿ ಬಂದಾಗಿನಿಂದ ಆ ನೀರಿಗೆ ಕಾಲಿಟ್ಟಿಲ್ಲ."

ಲೋವಿಸೆ ಅಕ್ಕನ ಕಡೆ ನೋಡಿದಳು. ಮಾದ್ಲಿ ತಲೆಯಾಡಿಸಿದಳು. "ನೀನು ಹೋದ ದಿನ ದಡಕ್ಕೆ ಬಂದಿದ್ನಲ್ಲ, ಅದೇ ಕೊನೆ."

ಆಮೇಲೆ ಲೋವಿಸೆ ಟವಲನ್ನು ಚಿತ್ರಕ್ಕೆ ಸುತ್ತಿ ಹೆಲ್ವೆಯ ಮಡಿಲಲ್ಲಿ ಇಟ್ಟಳು.

"ತಗೊಂಡು ಹೋಗಲ್ವೇನೇ?" ಎಂದಳು ಮಾದ್ಲಿ.

"ಬೇಡ. ಅಲ್ಲಿ ಗೋಡೆಗೆ ಹಾಕಿ ದಿನಾ ನೋಡಿದ್ರೆ ಇವಳ ಮೇಲೆ ಹೊಟ್ಟೆಕಿಚ್ಚು ಬರುತ್ತೆ. ಕೇಳಿದ್ದೇ ಸಾಕು ನಂಗೆ. ಇನ್ನೂ ಮೂರು ದಿನ ಇದೆ, ಇನ್ನೂ ಕೇಳ್ತೀನಿ."

ಮೂರು ದಿನವೂ ಅವಳು ಕೇಳಿದಳು.

ಹಡಗು ಹೊರಡುವ ಸಂಜೆ ಬಂದರಿನ ಒಳಗೆ ಬೀಳ್ಕೊಡುವವರಿಗೆ ಪ್ರವೇಶವಿರಲಿಲ್ಲ. ಅತ್ತೆ ಸೊಸೆ ಬೇಲಿಯ ಹೊರಗೆ ಜನರ ನಡುವೆ ನಿಂತರು. ಬಿಳಿ ಹಡಗು ದಡ ಬಿಟ್ಟು ನಿಧಾನವಾಗಿ ಪಕ್ಕ ತಿರುಗಿತು. ಕಟಾಂಜನದ ಉದ್ದಕ್ಕೂ ಜನ, ಎಲ್ಲರೂ ಬೆರಳುಗುರಿನಷ್ಟು.

"ಕಾಣ್ತಿದಾಳಾ?" ಎಂದಳು ಮಾದ್ಲಿ.

ಹೆಲ್ವೆ ಕಣ್ಣಿಗೆ ಕೈ ಅಡ್ಡ ಹಿಡಿದಳು. ತಿಳಿ ಬಣ್ಣದ ಕೋಟುಗಳು ನಾಲ್ಕೈದಿದ್ದವು.

"ಯಾರು ಅಂತ ಗೊತ್ತಾಗಲ್ಲ ಅತ್ತೆ. ಒಬ್ರು ಕೈ ಬೀಸ್ತಿದಾರೆ."

"ಯಾವ ಕಡೆ?"

ಹೆಲ್ವೆ ಅತ್ತೆಯ ಭುಜ ಹಿಡಿದು ಸ್ವಲ್ಪ ಬಲಕ್ಕೆ ತಿರುಗಿಸಿದಳು. ಮಾದ್ಲಿ ಕೈ ಎತ್ತಿ ಬೀಸಿದಳು. ಅವಳ ತೋಳು ಸೋತು ಇಳಿಯತೊಡಗಿದಾಗ ಹೆಲ್ವೆ ಮೊಣಕೈಗೆ ತನ್ನ ಅಂಗೈ ಕೊಟ್ಟಳು. ಹಡಗು ಚುಕ್ಕೆಯಾಗಿ, ಅದೂ ಇಲ್ಲವಾಗಿ, ಜನರೆಲ್ಲ ಮನೆಗೆ ಹೋದರು.

"ಇನ್ನೂ ಇದೆಯಾ?" ಮಾದ್ಲಿ ಕೇಳಿದಳು.

"ಇಲ್ಲ ಅತ್ತೆ."

"ಹೂಂ," ಎಂದಳು ಮಾದ್ಲಿ. ಕೈ ಮಾತ್ರ ಇಳಿಸಲಿಲ್ಲ. ಹೆಲ್ವೆಯೂ ತನ್ನ ಕೈ ತೆಗೆಯಲಿಲ್ಲ.